ಹೊಸ ಕಾರಿನ ಪ್ರಕಟಣೆಯನ್ನು ಓದುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಮಾದರಿಯೊಂದು ಪ್ರಕಟವಾದ ದಿನ ಕಾರುಪ್ರಿಯರ ನಡುವೆ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಪ್ರತಿ ಸಲವೂ ಅವೇ ಆಗಿರುತ್ತವೆ. ಅಂಥವನ್ನು ಒಂದೆಡೆ ಕೂಡಿಸಿ ಉತ್ತರಿಸುವ ಪ್ರಯತ್ನ ಇದು. ಪ್ರಕಟಣೆಯಲ್ಲಿ ಬರುವ ಪ್ರತಿಯೊಂದು ಸಂಖ್ಯೆಗೂ ಅದನ್ನು ಹೇಗೆ ಅಳೆದರು ಎಂಬ ಬಾಲವಿರುತ್ತದೆ. ಆ ಬಾಲವನ್ನು ಬಿಟ್ಟು ಸಂಖ್ಯೆಯನ್ನಷ್ಟೇ ಹಿಡಿದು ವಾದಿಸಿದರೆ ಗಾಳಿ ಗುದ್ದಿ ಮೈ ನೋಯಿಸಿಕೊಂಡಂತಾಗುತ್ತದೆ. ಕೆಳಗಿನ ಉತ್ತರಗಳೆಲ್ಲ ಈ ಒಂದು ನಂಬಿಕೆಯಿಂದ ಹುಟ್ಟಿದವು.

ಟೀಸರ್, ಅನಾವರಣ, ಬಿಡುಗಡೆ: ಇವೆಲ್ಲ ಒಂದೇ ಅಲ್ಲವೆ?

ಅಲ್ಲ. ಟೀಸರ್ ಎಂದರೆ ಕತ್ತಲೆಯಲ್ಲಿ ದೀಪದ ಒಂದು ಗೆರೆಯನ್ನೋ ಬಾನೆಟ್ಟಿನ ಅಂಚನ್ನೋ ತೋರಿಸುವ ಚಿತ್ರ. ಅದರಲ್ಲಿ ಕಂಪನಿಯು ಯಾವ ಮಾತನ್ನೂ ಕೊಟ್ಟಿರುವುದಿಲ್ಲ. ಅನಾವರಣದ ದಿನ ಇಡೀ ಕಾರು ಕಣ್ಣಿಗೆ ಬೀಳುತ್ತದೆಯಾದರೂ ವೇದಿಕೆಯ ಮೇಲೆ ನಿಂತಿರುವುದು ಎಷ್ಟೋ ಸಲ ಕೈಯಿಂದ ಜೋಡಿಸಿದ, ಕಾರ್ಖಾನೆಯ ಸಾಲಿನಿಂದ ಇನ್ನೂ ಇಳಿಯದ ಕಾರು. ಅದರ ನಂತರ ಸರ್ಕಾರಿ ಪ್ರಮಾಣೀಕರಣ, ಉತ್ಪಾದನೆಯ ಆರಂಭ, ಮೊದಲ ಗ್ರಾಹಕರ ಕೈಗೆ ಕೀಲಿ ಎಂಬ ಹಂತಗಳು ಬರುತ್ತವೆ, ಮತ್ತು ಇವುಗಳ ನಡುವಿನ ಅಂತರ ಕಾರಿನಿಂದ ಕಾರಿಗೆ ವಿಪರೀತ ಬದಲಾಗುತ್ತದೆ. ಟೆಸ್ಲಾ ಕಂಪನಿಯು ಮಾಡೆಲ್ 3 ಕಾರನ್ನು 2016ರ ಮಾರ್ಚ್ 31ರಂದು ತೋರಿಸಿ 2017ರ ಜುಲೈನಲ್ಲಿ ಮೊದಲ ಕಾರುಗಳನ್ನು ಹಸ್ತಾಂತರಿಸಿತು. ಅದೇ ಕಂಪನಿಯ ಸೈಬರ್‌ಟ್ರಕ್ 2019ರ ನವೆಂಬರ್‌ನಲ್ಲಿ ಅನಾವರಣಗೊಂಡು ಗ್ರಾಹಕರನ್ನು ತಲುಪಲು 2023ರ ನವೆಂಬರ್ ಮುಗಿಯುತ್ತ ಬಂದಿತ್ತು. ಆದ್ದರಿಂದ ಯಾರಾದರೂ "ಬಂದಿದೆ" ಎಂದಾಗ ಯಾವ ಅರ್ಥದಲ್ಲಿ ಬಂದಿದೆ ಎಂದು ಕೇಳಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಕುತೂಹಲವನ್ನು ಕೆರಳಿಸುವ ಈ ಕಲೆ ಹೊಸದೂ ಅಲ್ಲ, ಯಾವಾಗಲೂ ಫಲಿಸುವುದೂ ಅಲ್ಲ. ಫೋರ್ಡ್ ಕಂಪನಿಯು ಎಡ್ಸೆಲ್ ಕಾರುಗಳನ್ನು ಮುಸುಕಿನಲ್ಲಿ ಬಚ್ಚಿಟ್ಟು, ತಿಂಗಳುಗಟ್ಟಲೆ ಜಾಹೀರಾತಿನ ಮೂಲಕ ಆಸೆ ಹುಟ್ಟಿಸಿ, 1957ರ ಸೆಪ್ಟೆಂಬರ್ 4ರಂದು ಜನರ ಮುಂದಿಟ್ಟಿತು. 1959ರ ನವೆಂಬರ್ ಹೊತ್ತಿಗೆ ಆ ಹೆಸರೇ ಮುಚ್ಚಿಹೋಯಿತು.

ಪ್ರದರ್ಶನಕ್ಕೆಂದೇ ಮಾಡಿದ ಕಾನ್ಸೆಪ್ಟ್ ಕಾರಿನಲ್ಲಿ ಕಂಡದ್ದರಲ್ಲಿ ಎಷ್ಟು ಭಾಗ ಮಾರಾಟದ ಕಾರಿಗೆ ಬರುತ್ತದೆ?

ಸಾಮಾನ್ಯವಾಗಿ ಮೊದಲ ಕಾನ್ಸೆಪ್ಟ್ ಕಾರೆಂದು ಹೇಳಲಾಗುವ 1938ರ ಬ್ಯೂಕ್ ವೈ-ಜಾಬ್ ಮಾರಾಟಕ್ಕೆ ಬರಲೇ ಇಲ್ಲ. ಜನರಲ್ ಮೋಟಾರ್ಸ್‌ನ ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲಿ ಅರ್ಲ್ ಅದನ್ನು ವರ್ಷಗಟ್ಟಲೆ ತಾವೇ ಓಡಿಸಿಕೊಂಡಿದ್ದರು. ಆದರೆ ಅದರಲ್ಲಿದ್ದ ಮರೆಯಾಗುವ ಹೆಡ್‌ಲೈಟು, ವಿದ್ಯುತ್ತಿನಿಂದ ಏರಿಳಿಯುವ ಕಿಟಕಿಗಳಂಥ ಸಂಗತಿಗಳು ಮುಂದೆ ಬೇರೆ ಬೇರೆ ಕಾರುಗಳಲ್ಲಿ ಕಾಣಿಸಿಕೊಂಡವು. ಇಂದಿಗೂ ಕಾನ್ಸೆಪ್ಟ್ ಕಾರಿನಿಂದ ಹೀಗೆ ಒಂದೊಂದೇ ಅಂಶ ಬಿಡಿಬಿಡಿಯಾಗಿ ಬರುತ್ತದೆಯೇ ಹೊರತು ಇಡೀ ಕಾರು ಬರುವುದು ಅಪರೂಪ.

ಏನು ಉಳಿಯಬಹುದೆಂದು ಅಂದಾಜಿಸಲು ನಾನು ಸಣ್ಣ ವಸ್ತುಗಳನ್ನು ನೋಡುತ್ತೇನೆ. ಬದಿಯಲ್ಲಿ ಬೆರಳಿನ ಗಾತ್ರದ ಕ್ಯಾಮೆರಾದ ಬದಲು ನಿಜವಾದ ಕನ್ನಡಿ ಇದೆಯೆ, ಬಾಗಿಲಿಗೆ ಹಿಡಿ ಇದೆಯೆ, ಗಾಜಿನ ಬುಡದಲ್ಲಿ ವೈಪರ್ ಇದೆಯೆ, ಮುಂದಿನ ಮತ್ತು ಹಿಂದಿನ ಬಾಗಿಲುಗಳ ನಡುವೆ ಕಂಬ ಇದೆಯೆ? ಇವೆಲ್ಲ ಇದ್ದು, ಚಕ್ರಗಳು ತಮ್ಮ ಕಮಾನಿನೊಳಗೆ ತಿರುಗುವಷ್ಟು ಜಾಗವೂ ಇದ್ದರೆ ಅದು ಕಾನ್ಸೆಪ್ಟ್ ಎಂಬ ಹೆಸರಿನ, ಬಹುತೇಕ ಸಿದ್ಧವಾದ ಕಾರು. ಇವು ಯಾವುವೂ ಇಲ್ಲದಿದ್ದರೆ ಅದು ವಿನ್ಯಾಸಕಾರರ ಕನಸು, ಅದನ್ನು ಕನಸೆಂದೇ ಮೆಚ್ಚಬೇಕು. ಬಾನೆಟ್ಟು ಮಾತ್ರ ಹೆಚ್ಚುಕಡಿಮೆ ಯಾವಾಗಲೂ ಎತ್ತರಗೊಂಡೇ ಬರುತ್ತದೆ, ಏಕೆಂದರೆ ಪಾದಚಾರಿಯ ತಲೆ ಬಡಿದಾಗ ತಗಡು ಬಗ್ಗಲು ಅದರ ಕೆಳಗೆ ಎಂಜಿನ್ನಿನ ಗಟ್ಟಿ ಭಾಗಗಳಿಂದ ಒಂದಿಷ್ಟು ಅಂತರ ಬೇಕು. ಟೊಯೋಟಾ ಕಂಪನಿಯ 2014ರ ಎಫ್‌ಟಿ-1 ಕಾನ್ಸೆಪ್ಟನ್ನು 2019ರ ಜನವರಿಯಲ್ಲಿ ಬಂದ ಸುಪ್ರಾ ಪಕ್ಕದಲ್ಲಿಟ್ಟು ನೋಡಿದರೆ ಗೆರೆಗಳು ಅವೇ. ಆದರೆ ಗಿಡ್ಡದಾದ ನಿಜವಾದ ಕಾರಿನ ಮೇಲೆ ಅವು ಇಕ್ಕಟ್ಟಾಗಿ ಕುಳಿತಿವೆ ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಮರೆಮಾಚಿದ ಪರೀಕ್ಷಾ ಕಾರುಗಳ ಚಿತ್ರಗಳನ್ನು ಎಷ್ಟು ನಂಬಬಹುದು?

ಯಾವ ಭಾಗವನ್ನು ನಂಬುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ಕಪ್ಪು ಬಿಳುಪಿನ ಸುರುಳಿಗಳ ಅಂಟುಹಾಳೆಯು ಕಾರನ್ನು ಕಾಣದಂತೆ ಮಾಡುವುದಿಲ್ಲ. ಮೈಮೇಲಿನ ಉಬ್ಬುತಗ್ಗುಗಳ ನೆರಳು ಚಿತ್ರದಲ್ಲಿ ಬೀಳದಂತೆ ಮಾಡುತ್ತದೆ, ಅಷ್ಟೆ. ಅದರ ಕೆಳಗೆ ಪ್ಲಾಸ್ಟಿಕ್ ಹೊದಿಕೆ, ಸ್ಪಂಜಿನ ತುಂಡುಗಳು, ಕೆಲವೊಮ್ಮೆ ಸುಳ್ಳು ದೀಪಗಳೂ ಇರುತ್ತವೆ. ಆದ್ದರಿಂದ ಮೈಯ ಆಕಾರದ ಬಗ್ಗೆ ಮಾತನಾಡುವಾಗ ಎಚ್ಚರವಿರಲಿ. ಮರೆಮಾಚಲು ಆಗದ ಸಂಗತಿಗಳೂ ಇವೆ: ಮುಂದಿನ ಮತ್ತು ಹಿಂದಿನ ಚಕ್ರಗಳ ಅಚ್ಚುಗಳ ನಡುವಿನ ಉದ್ದ, ಚಕ್ರದ ಕಡ್ಡಿಗಳ ನಡುವೆ ಕಾಣುವ ಬ್ರೇಕ್ ಡಿಸ್ಕಿನ ಗಾತ್ರ, ಸೈಲೆನ್ಸರ್ ಕೊಳವೆ ಇದೆಯೋ ಇಲ್ಲವೋ, ಇಂಧನದ ಮುಚ್ಚಳದ ಜೊತೆಗೆ ಇನ್ನೊಂದು ಬದಿಯಲ್ಲಿ ಚಾರ್ಜಿಂಗ್ ಮುಚ್ಚಳವಿದೆಯೆ ಎಂಬುದು. ಎರಡು ಮುಚ್ಚಳ ಕಂಡರೆ ಎಂಜಿನ್ನಿನ ಜೊತೆಗೆ ಚಾರ್ಜ್ ಮಾಡಬಹುದಾದ ಬ್ಯಾಟರಿಯೂ ಇರುವ ಪ್ಲಗ್-ಇನ್ ಹೈಬ್ರಿಡ್ ಎಂದು ಧೈರ್ಯವಾಗಿ ಹೇಳಬಹುದು. ಇನ್ನೊಂದು ಎಚ್ಚರಿಕೆ: ಪರೀಕ್ಷೆಯ ಆರಂಭದ ಹಂತದಲ್ಲಿ ಹೊಸ ಎಂಜಿನ್ನನ್ನೂ ಹೊಸ ಸಸ್ಪೆನ್ಷನ್ನನ್ನೂ ಹಳೆಯ ಕಾರಿನ ಮೈಯೊಳಗೆ ತುರುಕಿ ಓಡಿಸುತ್ತಾರೆ. ಮ್ಯೂಲ್ ಎಂದು ಕರೆಯುವ ಈ ಕಾರಿನ ಹೊರಮೈಗೂ ಬರಲಿರುವ ಕಾರಿಗೂ ಯಾವ ಸಂಬಂಧವೂ ಇರುವುದಿಲ್ಲ.

ನನ್ನದೇ ಒಂದು ಪ್ರಮಾದವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಒಮ್ಮೆ ಟೀಸರ್ ಚಿತ್ರವೊಂದರ ಬೆಳಕನ್ನು ಕಂಪ್ಯೂಟರಿನಲ್ಲಿ ಹೆಚ್ಚಿಸಿ, ಹಿಂಬದಿಯಲ್ಲಿ ಮಸುಕಾಗಿ ಕಂಡ ಅಡ್ಡಗೆರೆಯನ್ನು ಎತ್ತರದ ರೆಕ್ಕೆಯೆಂದು ತೀರ್ಮಾನಿಸಿ, ಎರಡು ವಾರ ಗೆಳೆಯರೊಡನೆ ವಾದ ಮಾಡಿದೆ. ಅನಾವರಣದ ದಿನ ನೋಡಿದರೆ ಅದು ಚಿತ್ರ ತೆಗೆದ ಕೋಣೆಯ ಗೋಡೆಯಂಚು.

ಇದು ಹೊಸ ತಲೆಮಾರೋ, ಹಳೆಯದನ್ನೇ ತಿದ್ದಿದ ಬರಿಯ ಫೇಸ್‌ಲಿಫ್ಟೋ? ಪ್ರಕಟಣೆಯಲ್ಲಿ "ಸಂಪೂರ್ಣ ಹೊಸದು" ಎಂದಿದೆ.

ಬಾಗಿಲು, ಚಾವಣಿ ಮತ್ತು ಕಿಟಕಿಯ ಗೆರೆಯನ್ನು ನೋಡಿ. ಬಂಪರ್, ಗ್ರಿಲ್, ದೀಪಗಳನ್ನು ಬದಲಿಸುವುದು ಹೋಲಿಕೆಯಲ್ಲಿ ಸುಲಭ. ಬಾಗಿಲ ತಗಡನ್ನು ಒತ್ತುವ ದೊಡ್ಡ ಅಚ್ಚುಗಳನ್ನು ಬದಲಿಸುವುದು ದುಬಾರಿಯ ಕೆಲಸ. ಹಾಗಾಗಿ ಬಾಗಿಲು ಅದೇ ಇದ್ದರೆ, ಒಳಗೆ ಎಷ್ಟು ದೊಡ್ಡ ಪರದೆ ಹಾಕಿದ್ದರೂ, ಅದು ಬಹುಮಟ್ಟಿಗೆ ಫೇಸ್‌ಲಿಫ್ಟ್. ಹಾಗೆಂದು ಅದನ್ನು ಹಗುರವಾಗಿ ಕಾಣಬೇಕಿಲ್ಲ; ಎಂಜಿನ್ ಮತ್ತು ವಿದ್ಯುತ್ ವ್ಯವಸ್ಥೆಯೇ ಬದಲಾದ ಫೇಸ್‌ಲಿಫ್ಟ್‌ಗಳೂ ಬಂದಿವೆ. ಮಾಡೆಲ್ ಇಯರ್ ಎಂಬುದು ಬೇರೆಯೇ ಲೆಕ್ಕ, ಅದು ಪಂಚಾಂಗದ ವರ್ಷವಲ್ಲ. 1964ರ ಏಪ್ರಿಲ್ 17ರಂದು ಬಂದ ಮೊದಲ ಮಸ್ಟಾಂಗನ್ನು ಫೋರ್ಡ್ ಕಂಪನಿ 1965ರ ಮಾದರಿಯೆಂದೇ ದಾಖಲಿಸಿದರೂ, ಮೊದಲ ತಿಂಗಳುಗಳ ಕಾರುಗಳನ್ನು ಅಭಿಮಾನಿಗಳು ಇಂದಿಗೂ "1964½" ಎನ್ನುತ್ತಾರೆ.

ಇ46, 992, ಜಿ80 ಎಂದೆಲ್ಲ ಮಾತನಾಡಿಕೊಳ್ಳುತ್ತಾರಲ್ಲ, ಅವೇನು?

ಕಂಪನಿಯೊಳಗಿನ ಯೋಜನಾ ಸಂಕೇತಗಳು; ಇ46 ಮತ್ತು ಜಿ80 ಬಿಎಂಡಬ್ಲ್ಯೂ ಕಂಪನಿಯವು, 992 ಪೋರ್ಷೆಯದು. ಮಾರಾಟದ ಹೆಸರು ದಶಕಗಟ್ಟಲೆ ಬದಲಾಗದಿರುವುದರಿಂದ ಯಾವ ತಲೆಮಾರಿನ ಮಾತು ಎಂದು ತಿಳಿಸಲು ಇವು ಬೇಕಾಗುತ್ತವೆ: ಪೋರ್ಷೆ 911 ಎಂಬ ಒಂದೇ ಹೆಸರಿನಡಿ 964, 993, 996, 997, 991, 992 ಎಲ್ಲವೂ ಇವೆ. ಚುಕ್ಕೆಯ ನಂತರ 2 ಎಂದಿದ್ದರೆ ಆ ತಲೆಮಾರಿನ ಫೇಸ್‌ಲಿಫ್ಟ್. ಅಂದಹಾಗೆ 911 ಎಂಬುದೇ ಎರಡನೆಯ ಹೆಸರು. 1963ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಅದು 901 ಆಗಿತ್ತು. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳು ತನ್ನವೆಂದು ಫ್ರಾನ್ಸಿನ ಪ್ಯೂಜೋ ಕಂಪನಿ ಆಕ್ಷೇಪಿಸಿದ್ದರಿಂದ ಸೊನ್ನೆಯ ಜಾಗಕ್ಕೆ ಒಂದು ಬಂತು.

ಒಂದೇ ಕಾರಿನ ಶಕ್ತಿಯನ್ನು ಒಂದು ಕಡೆ 402, ಇನ್ನೊಂದು ಕಡೆ 408 ಎಂದು ಬರೆದಿದ್ದಾರೆ. ಯಾವುದು ಸರಿ?

ಎರಡೂ ಸರಿ. 300 ಕಿಲೋವ್ಯಾಟ್ ಶಕ್ತಿಯು ಪಿಎಸ್ ಎಂಬ ಮೆಟ್ರಿಕ್ ಅಶ್ವಶಕ್ತಿಯಲ್ಲಿ 408, ಇಂಗ್ಲಿಷ್ ಅಶ್ವಶಕ್ತಿಯಲ್ಲಿ 402. ಮೊದಲನೆಯದು ಸುಮಾರು 0.7355 ಕಿಲೋವ್ಯಾಟ್, ಎರಡನೆಯದು ಸುಮಾರು 0.7457. ಪ್ರಕಟಣೆಯ ದಿನ ನಡೆಯುವ ಅರ್ಧದಷ್ಟು ಜಗಳಗಳು ಈ ಆರು ಕುದುರೆಗಳ ಮೇಲೆಯೇ ನಡೆಯುತ್ತವೆ. ಕಿಲೋವ್ಯಾಟಿನಲ್ಲಿ ಹೋಲಿಸಿದರೆ ಗೊಂದಲ ಅಲ್ಲಿಗೆ ತೀರುತ್ತದೆ. ಹಳೆಯ ಅಮೆರಿಕನ್ ಕಾರುಗಳ ಅಂಕಿಯನ್ನು ಎಳೆದು ತರುವವರು ಇನ್ನೊಂದು ವಿಷಯ ನೆನಪಿಡಬೇಕು: 1972ಕ್ಕೆ ಮೊದಲು ಅಲ್ಲಿ ಏರ್‌ಫಿಲ್ಟರ್, ಸೈಲೆನ್ಸರ್, ಆಲ್ಟರ್ನೇಟರ್ ಮುಂತಾದ ಹೊರೆಗಳಿಲ್ಲದ ಬರಿಯ ಎಂಜಿನ್ನಿನ ಶಕ್ತಿಯನ್ನು ಹೇಳುವ ರೂಢಿಯಿತ್ತು, ಆಮೇಲಿನದು ಕಾರಿನಲ್ಲಿ ಕೂರಿಸಿದ ಸ್ಥಿತಿಯ ಎಂಜಿನ್ನಿನದು.

ಹೈಬ್ರಿಡ್ ಕಾರಿನಲ್ಲಿ ಎಂಜಿನ್ ಮತ್ತು ಮೋಟಾರಿನ ಶಕ್ತಿಯನ್ನು ಕೂಡಿಸಿದರೆ ಒಟ್ಟು ಶಕ್ತಿ ಏಕೆ ಬರುವುದಿಲ್ಲ?

ಎರಡೂ ತಮ್ಮ ಗರಿಷ್ಠವನ್ನು ಒಂದೇ ಕ್ಷಣದಲ್ಲಿ ಮುಟ್ಟಬೇಕೆಂಬ ನಿಯಮವಿಲ್ಲ. ಎಂಜಿನ್ನಿನ ಗರಿಷ್ಠ ಶಕ್ತಿ ಬರುವ ವೇಗದಲ್ಲಿ ಮೋಟಾರು ದಣಿದಿರಬಹುದು, ಬ್ಯಾಟರಿಯು ಅಷ್ಟು ವಿದ್ಯುತ್ತನ್ನು ಕೊಡಲಾರದೆ ಇರಬಹುದು, ಗೇರ್‌ಬಾಕ್ಸ್ ತಾಳಬೇಕೆಂದು ಕಂಪನಿಯೇ ಮಿತಿ ಹಾಕಿರಬಹುದು. 2024ರಲ್ಲಿ ಪ್ರಕಟವಾದ ಬಿಎಂಡಬ್ಲ್ಯೂ ಎಂ5ರ ಎಂಜಿನ್ 585 ಪಿಎಸ್, ಮೋಟಾರು 197 ಪಿಎಸ್. ಕೂಡಿಸಿದರೆ 782 ಆಗಬೇಕು, ಆದರೆ ಘೋಷಿತ ಒಟ್ಟು 727. ಇದಕ್ಕೆ ವಿರುದ್ಧವಾಗಿ 2022ರಲ್ಲಿ ಬಂದ ಮರ್ಸಿಡಿಸ್-ಎಎಂಜಿ ಸಿ63ರ ಲೆಕ್ಕ ಅಚ್ಚುಕಟ್ಟಾಗಿ ಕೂಡುತ್ತದೆ: 476 ಮತ್ತು 204 ಸೇರಿ 680. ಅಲ್ಲಿ ನೋಡಬೇಕಾದದ್ದು ಅವಧಿಯನ್ನು. ಮೋಟಾರಿನ 204 ಪಿಎಸ್ ಸಿಗುವುದು 10 ಸೆಕೆಂಡು ಮಾತ್ರ. ನಿರಂತರವಾಗಿ ಸಿಗುವುದು 70 ಕಿಲೋವ್ಯಾಟ್, ಎಂದರೆ ಸುಮಾರು 95 ಪಿಎಸ್. ಎರಡೂ ಕಂಪನಿಗಳು ಸುಳ್ಳು ಹೇಳಿಲ್ಲ. ಒಂದೇ ಪದಕ್ಕೆ ಎರಡು ಬಗೆಯ ಲೆಕ್ಕ ಹಾಕಿವೆ, ಅಷ್ಟೆ.

ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಎಂಬುದನ್ನು ಹೋಲಿಸಬಹುದೆ?

ಅಮೆರಿಕದ ಅಂಕಿ ಗಂಟೆಗೆ 60 ಮೈಲಿಯವರೆಗೆ, ಎಂದರೆ 96.6 ಕಿ.ಮೀ.ವರೆಗೆ ಮಾತ್ರ. ಅದರ ಜೊತೆಗೆ ಅಲ್ಲಿ ಮೊದಲ ಒಂದು ಅಡಿಯಷ್ಟು ಉರುಳುವಿಕೆಯನ್ನು ಲೆಕ್ಕದಿಂದ ಬಿಡುವ ರೂಢಿಯೂ ಇದೆ. ಡ್ರ್ಯಾಗ್ ರೇಸಿನಿಂದ ಬಂದ ಈ ಪದ್ಧತಿ ಎರಡು ಮೂರು ದಶಾಂಶ ಸೆಕೆಂಡುಗಳನ್ನು ಸದ್ದಿಲ್ಲದೆ ಕಡಿಮೆ ಮಾಡುತ್ತದೆ. ಮೂರು ಸೆಕೆಂಡಿನ ಕಾರುಗಳ ನಡುವೆ ಇದು ಸಣ್ಣ ಅಂತರವಲ್ಲ. ನನ್ನ ಅಭಿಪ್ರಾಯದಲ್ಲಿ ರಸ್ತೆಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಅಂಕಿ 80ರಿಂದ 120ಕ್ಕೆ ಏರಲು ಬೇಕಾಗುವ ಸಮಯ. ಪ್ರಕಟಣೆಗಳಲ್ಲಿ ಅದಕ್ಕೆ ಜಾಗ ಸಿಗುವುದು ಕಡಿಮೆ.

ತೂಕದ ಬಗ್ಗೆ ಕಾರುಪ್ರಿಯರು ಇಷ್ಟೊಂದು ಗಲಾಟೆ ಮಾಡುವುದೇಕೆ?

ಏಕೆಂದರೆ ಶಕ್ತಿಯನ್ನು ಹೆಚ್ಚಿಸಿ ನೇರ ರಸ್ತೆಯಲ್ಲಿ ತೂಕವನ್ನು ಮರೆಸಬಹುದು, ಆದರೆ ಬ್ರೇಕು ಹಾಕುವಾಗ, ತಿರುವಿನಲ್ಲಿ, ಟೈರು ಸವೆಯುವಲ್ಲಿ ಅದು ಮರೆಯಾಗುವುದಿಲ್ಲ. ಮೇಲೆ ಹೇಳಿದ ಎಂ5 ಪ್ರಕಟವಾದ ದಿನ 727 ಪಿಎಸ್ ಬಗ್ಗೆ ಮಾತನಾಡಿದವರಿಗಿಂತ 2,435 ಕಿಲೋ ಬಗ್ಗೆ ಮಾತನಾಡಿದವರೇ ಹೆಚ್ಚು. ಅದರಲ್ಲೂ ಕೆಲವರು 2,435 ಎಂದರೆ ಕೆಲವರು 2,510 ಎಂದು ಹಟ ಹಿಡಿದರು. ಎರಡರ ವ್ಯತ್ಯಾಸ ಸರಿಯಾಗಿ 75 ಕಿಲೋ, ಮತ್ತು ಅದು ಬಂದಿರುವುದು ಹೀಗೆ: ಜರ್ಮನಿಯ ಡಿಐಎನ್ ಮಾನದಂಡದಲ್ಲಿ ಚಾಲಕರಿಲ್ಲದ ಕಾರನ್ನು ತೂಗುತ್ತಾರೆ, ಐರೋಪ್ಯ ಒಕ್ಕೂಟದ ಮಾನದಂಡದಲ್ಲಿ ಚಾಲಕ ಮತ್ತು ಒಂದಿಷ್ಟು ಸಾಮಾನಿನ ಲೆಕ್ಕಕ್ಕೆ 75 ಕಿಲೋ ಸೇರಿಸುತ್ತಾರೆ. ಹೊಸ ಕಾರಿನ ಡಿಐಎನ್ ತೂಕವನ್ನು ಎದುರಾಳಿ ಕಾರಿನ ಐರೋಪ್ಯ ತೂಕದೊಡನೆ ಹೋಲಿಸಿದರೆ ಒಬ್ಬ ಮನುಷ್ಯನನ್ನೇ ಲೆಕ್ಕದಿಂದ ಇಳಿಸಿಬಿಟ್ಟಂತಾಯಿತು. "ಒಣ ತೂಕ" ಎಂಬ ಮಾತು ಕಂಡರಂತೂ ಇನ್ನೂ ಹುಷಾರಾಗಿರಿ. ಇಂಧನ, ಎಣ್ಣೆ, ಕೂಲಂಟ್ ಯಾವುದೂ ಇಲ್ಲದ ಆ ಕಾರು ಒಂದಡಿಯೂ ಓಡಲಾರದು.

ವಿದ್ಯುತ್ ಕಾರಿನ ಘೋಷಿತ ರೇಂಜ್, ಎಂದರೆ ಒಮ್ಮೆ ಚಾರ್ಜ್ ಮಾಡಿದರೆ ಓಡಬಲ್ಲ ದೂರ, ನಿಜವಾಗಿ ಸಿಗುತ್ತದೆಯೆ?

ಯಾವ ಪರೀಕ್ಷೆಯ ರೇಂಜ್ ಎಂಬುದನ್ನು ಮೊದಲು ಹುಡುಕಿ. ಹಳೆಯ ಎನ್‌ಇಡಿಸಿ ಪರೀಕ್ಷೆ ಸುಮಾರು 20 ನಿಮಿಷ, 11 ಕಿ.ಮೀ. ಓಟ, ಅದು ಸೌಮ್ಯವಾದ ಚಾಲನೆ. 2017ರ ಸೆಪ್ಟೆಂಬರ್‌ನಿಂದ ಯುರೋಪಿನಲ್ಲಿ ಹೊಸ ಮಾದರಿಗಳಿಗೆ ಜಾರಿಗೆ ಬಂದ ಡಬ್ಲ್ಯೂಎಲ್‌ಟಿಪಿ ಪರೀಕ್ಷೆಯಲ್ಲಿ 30 ನಿಮಿಷ, 23.25 ಕಿ.ಮೀ., ಗರಿಷ್ಠ ವೇಗ ಗಂಟೆಗೆ 131 ಕಿ.ಮೀ. ಆದರೂ ಸರಾಸರಿ ವೇಗ 46.5 ಮಾತ್ರ. ಹೆದ್ದಾರಿಯಲ್ಲಿ ಒಂದೇ ಸಮನೆ 110ರಲ್ಲಿ ಓಡಿಸುವವರಿಗೆ ಅಷ್ಟು ಸಿಗದಿರುವುದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಗಾಳಿಯ ಎದುರೊತ್ತು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎ ಕೊಡುವ ಅಂಕಿಯಲ್ಲಿ ಪ್ರಯೋಗಾಲಯದ ಫಲಿತಾಂಶವನ್ನು ಮತ್ತೆ ತಗ್ಗಿಸುವುದರಿಂದ ಅದು ಸಾಮಾನ್ಯವಾಗಿ ಕಡಿಮೆಯಿರುತ್ತದೆ.

ಚಾರ್ಜಿಂಗ್ ವಿಷಯದಲ್ಲಿ ಗರಿಷ್ಠ ಕಿಲೋವ್ಯಾಟಿಗೆ ಮರುಳಾಗಬೇಡಿ. ಆ ವೇಗ ಕೆಲವೇ ನಿಮಿಷ ನಿಂತು ಆಮೇಲೆ ಇಳಿಯುವ ಕಾರುಗಳಿವೆ. 10ರಿಂದ 80 ಪ್ರತಿಶತಕ್ಕೆ ಎಷ್ಟು ನಿಮಿಷ ಎಂಬುದೇ ಹುರುಳಿರುವ ಅಂಕಿ. ಹ್ಯುಂಡೈ ಐಯಾನಿಕ್ 5ಕ್ಕೆ 350 ಕಿಲೋವ್ಯಾಟ್ ಚಾರ್ಜರಿನಲ್ಲಿ 18 ನಿಮಿಷ ಎಂದು ಕಂಪನಿ ಘೋಷಿಸಿತ್ತು. ಬ್ಯಾಟರಿಯ ಗಾತ್ರ ಹೇಳಿರುವಲ್ಲಿ ಅದು ಒಟ್ಟು ಸಾಮರ್ಥ್ಯವೋ ಬಳಕೆಗೆ ಸಿಗುವುದೋ ಎಂಬುದನ್ನೂ ನೋಡಿ.

ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ರೇಸ್ ಹಾದಿಯಲ್ಲಿ ಒಂದು ಸುತ್ತು ಮುಗಿಸಿದ ಸಮಯಕ್ಕೆ ಅರ್ಥವಿದೆಯೆ?

ಒಂದಿಷ್ಟು ಇದೆ. ಆದರೆ ಮೊದಲು ಉದ್ದ ಕೇಳಿ. ಮರ್ಸಿಡಿಸ್-ಎಎಂಜಿ ಜಿಟಿ ಬ್ಲ್ಯಾಕ್ ಸೀರೀಸ್ 2020ರಲ್ಲಿ ಓಡಿದ ಒಂದೇ ಸುತ್ತಿಗೆ ಎರಡು ಸಮಯಗಳಿವೆ: 20.6 ಕಿ.ಮೀ.ಗೆ 6 ನಿಮಿಷ 43.616 ಸೆಕೆಂಡು, ಪೂರ್ತಿ 20.832 ಕಿ.ಮೀ.ಗೆ 6 ನಿಮಿಷ 48.047 ಸೆಕೆಂಡು. ಹಳೆಯ ದಾಖಲೆಗಳು ಬಹುತೇಕ ಚಿಕ್ಕ ಉದ್ದದವು. ಇದರ ಮೇಲೆ ಟೈರು ಯಾವುದು, ಹವೆ ಹೇಗಿತ್ತು, ಚಾಲಕರು ಯಾರು ಎಂಬುದೆಲ್ಲ ಸೇರುತ್ತದೆ.

ಅಭಿಮಾನಿಗಳು ಇಷ್ಟೆಲ್ಲ ಕೂಗಾಡುವುದರಿಂದ ಕಂಪನಿಗಳು ಏನನ್ನಾದರೂ ಬದಲಿಸುತ್ತವೆಯೆ?

ಬದಲಿಸಿದ ಉದಾಹರಣೆಗಳಿವೆ, ಅವುಗಳಲ್ಲಿ ಹೆಚ್ಚಿನವು ಗೇರ್‌ಬಾಕ್ಸಿಗೆ ಸಂಬಂಧಿಸಿದವು. 2013ರಲ್ಲಿ ಬಂದ ಪೋರ್ಷೆ 911 ಜಿಟಿ3ಯಲ್ಲಿ ಪಿಡಿಕೆ ಸ್ವಯಂಚಾಲಿತ ಗೇರ್‌ಬಾಕ್ಸ್ ಮಾತ್ರ ಇತ್ತು. ಅಸಮಾಧಾನ ತಣ್ಣಗಾಗಲೇ ಇಲ್ಲ, ಮತ್ತು 2017ರ ಆವೃತ್ತಿಯಲ್ಲಿ ಮ್ಯಾನುಯಲ್ ಮರಳಿತು. 2019ರ ಸುಪ್ರಾ ಕೂಡ ಮ್ಯಾನುಯಲ್ ಇಲ್ಲದೆ ಬಂದು, 2022ರಲ್ಲಿ ಅದನ್ನು ಸೇರಿಸಿಕೊಂಡಿತು. ಕಂಪನಿಗಳು ಸ್ಪಂದಿಸುವುದು ಕೂಗಿನ ಎತ್ತರಕ್ಕಲ್ಲ. ಕೂಗುವವರಲ್ಲಿ ಕೊಳ್ಳುವವರು ಎಷ್ಟು ಎಂಬುದಕ್ಕೆ. ಮ್ಯಾನುಯಲ್ ಬೇಕೆಂದು ಬರೆದು ಸ್ವಯಂಚಾಲಿತ ಕೊಳ್ಳುವವರು ಬಹಳ ಮಂದಿ, ಅವರಲ್ಲಿ ನನ್ನ ಹತ್ತಿರದ ಗೆಳೆಯರೂ ಇದ್ದಾರೆ. ಸಿ63ಯಲ್ಲಿ ಎಂಟು ಸಿಲಿಂಡರಿನ ವಿ8 ಎಂಜಿನ್ ತೆಗೆದು 1,991 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಇಟ್ಟಾಗ ಹುಟ್ಟಿದ ಸಿಟ್ಟು ಬೇರೆ ಬಗೆಯದು. ಅಲ್ಲಿ ಶಕ್ತಿ ಕಡಿಮೆಯಾಗಿರಲಿಲ್ಲ, ಹೆಚ್ಚಿತ್ತು. ಜನ ಕಳೆದುಕೊಂಡದ್ದು ಸದ್ದನ್ನು. ಸದ್ದಿಗೆ ತಾಂತ್ರಿಕ ವಿವರಗಳ ಪಟ್ಟಿಯಲ್ಲಿ ಸಾಲಿಲ್ಲ.

ಚಿತ್ರ ನೋಡಿದ ಕೂಡಲೇ ಕಾರು ಕುರೂಪವೆಂದು ಅನ್ನಿಸಿತು. ಇದು ಅನ್ಯಾಯವೆ?

ಅನ್ಯಾಯವೇನಲ್ಲ, ಆತುರವಾಗಿರಬಹುದು. ಹತ್ತಿರದಿಂದ ಅಗಲ ಲೆನ್ಸಿನಲ್ಲಿ ತೆಗೆದ ಚಿತ್ರದಲ್ಲಿ ಮೂತಿ ಉಬ್ಬುತ್ತದೆ, ಹಿಂಬದಿ ಕುಗ್ಗುತ್ತದೆ. ಗ್ರಿಲ್ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. 2001ರಲ್ಲಿ ಬಂದ ಬಿಎಂಡಬ್ಲ್ಯೂ 7 ಸೀರೀಸಿನ ಡಿಕ್ಕಿಯ ಮುಚ್ಚಳವನ್ನು ಕಂಡು ಬೈಯದವರಿರಲಿಲ್ಲ. ಕೆಲವೇ ವರ್ಷಗಳಲ್ಲಿ ಮೇಲೆ ಕೂರಿಸಿಟ್ಟಂಥ ಡಿಕ್ಕಿ ಬೇರೆ ಕಂಪನಿಗಳ ಕಾರುಗಳಲ್ಲೂ ಕಾಣತೊಡಗಿತು.

ಎಲ್ಲ ವಿಮರ್ಶೆಗಳೂ ಒಂದೇ ನಿಮಿಷದಲ್ಲಿ ಹೊರಬರುತ್ತವಲ್ಲ, ಅದೇಕೆ?

ನಿಗದಿತ ಗಳಿಗೆಗೆ ಮೊದಲು ಪ್ರಕಟಿಸುವುದಿಲ್ಲವೆಂದು ಒಪ್ಪಿಕೊಂಡೇ ವಿಮರ್ಶಕರು ಕಾರನ್ನು ಓಡಿಸಿರುತ್ತಾರೆ. ಅದರಲ್ಲಿ ಪಿತೂರಿಯೇನೂ ಇಲ್ಲ. ಆದರೆ ಕಂಪನಿ ಆರಿಸಿದ ರಸ್ತೆಯಲ್ಲಿ, ಕಂಪನಿ ಆರಿಸಿದ ಟೈರಿನ ಮೇಲೆ, ಅರ್ಧ ದಿನ ಓಡಿಸಿದ ಅನುಭವ ಅದು. ಸ್ಟಿಯರಿಂಗಿನ ಬಗ್ಗೆ ಅವರು ಹೇಳಿದ್ದನ್ನು ನಂಬಬಹುದು, ಬಾಳಿಕೆಯ ಬಗ್ಗೆ ಹೇಳಲು ಅವರಿಗೆ ಅವಕಾಶವೇ ಸಿಕ್ಕಿರುವುದಿಲ್ಲ.

ಮೊದಲು ತಯಾರಾದ ಕಾರುಗಳಲ್ಲೇ ಒಂದನ್ನು ಕೊಳ್ಳುವುದು ಜಾಣತನವೆ?

ಕಾಯುವ ತಾಳ್ಮೆಯಿದ್ದರೆ ಕಾಯಿರಿ. ಮೊದಲ ಕಾರುಗಳ ದೋಷಗಳಿಂದ ಎಷ್ಟೇ ಹೆಸರುವಾಸಿಯಾದ ಕಂಪನಿಯೂ ಹೊರತಲ್ಲ: ಮೇಲೆ ಹೇಳಿದ 2013ರ ಜಿಟಿ3ಯಲ್ಲಿ ಕನೆಕ್ಟಿಂಗ್ ರಾಡಿನ ಬೋಲ್ಟು ಸಡಿಲಗೊಂಡು ಬೆಂಕಿ ಹತ್ತಿದ ಪ್ರಕರಣಗಳ ನಂತರ, 2014ರಲ್ಲಿ 785 ಕಾರುಗಳ ಎಂಜಿನ್ನುಗಳನ್ನು ಕಂಪನಿ ಬದಲಿಸಿಕೊಟ್ಟಿತು.

ಪ್ರಕಟಣೆಯಲ್ಲಿ ತೂಕವನ್ನೇ ಹೇಳಿಲ್ಲ. ಅಂದಾಜಿಸಲು ದಾರಿಯಿದೆಯೆ?

ಇದೆ, ಸ್ವಲ್ಪ ಒರಟಾದದ್ದು. ಕಂಪನಿ ಕೊಟ್ಟ ಚಿತ್ರಗಳಲ್ಲಿ ಚಕ್ರ ಸ್ಪಷ್ಟವಾಗಿ ಕಾಣುವ ಒಂದನ್ನು ದೊಡ್ಡದು ಮಾಡಿ, ಟೈರಿನ ಬದಿಯ ಬರಹವನ್ನು ಓದಿ. ಅಗಲ ಮತ್ತು ವ್ಯಾಸದ ಅಂಕಿಗಳ ನಂತರ ಎರಡು ಅಥವಾ ಮೂರಂಕಿಯ ಇನ್ನೊಂದು ಸಂಖ್ಯೆಯಿರುತ್ತದೆ. ಅದು ಆ ಟೈರು ಹೊರಬಲ್ಲ ಭಾರದ ಸೂಚ್ಯಂಕ. 97 ಎಂದರೆ 730 ಕಿಲೋ, 101 ಎಂದರೆ 825 ಕಿಲೋ. ಇದು ಕಾರಿನ ತೂಕವಲ್ಲ, ಪ್ರಯಾಣಿಕರೂ ಸಾಮಾನೂ ಸೇರಿದ ಭಾರಕ್ಕೆ ಹಾಕಿದ ಮೇಲ್ಮಿತಿ, ಅದರ ಮೇಲೂ ಕಂಪನಿಗಳು ಒಂದಿಷ್ಟು ಅಂತರ ಬಿಡುತ್ತವೆ. ಆದರೆ ಹಿಂದಿನ ತಲೆಮಾರಿನ ಟೈರಿನ ಮೇಲೆ 97 ಇದ್ದು ಹೊಸದರ ಮೇಲೆ 101 ಇದ್ದರೆ, ತೂಕದ ಸಾಲನ್ನು ಏಕೆ ಖಾಲಿ ಬಿಟ್ಟಿದ್ದಾರೆಂಬುದನ್ನು ಊಹಿಸುವುದು ಕಷ್ಟವಲ್ಲ.